ಮಕ್ಕಳ ಇಓಇ: ಪ್ರತಿ ಸಲ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿ ಮಾಡಲೇಬೇಕಾ? ಬರೀ ಸ್ಕ್ಯಾನ್ ಸಾಕಾಗುವ ದಾರಿ ಇದೆಯಾ?

ಪಥ್ಯದ_ಪಟ್ಟಿ

ಇಯೋಸಿನೋಫಿಲಿಕ್ ಈಸೋಫಜೈಟಿಸ್, ಅಂದರೆ ಇಓಇ (ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಸೇರಿಕೊಂಡು ಅನ್ನನಾಳದಲ್ಲಿ ಆಗುವ ಅಲರ್ಜಿಯ ಉರಿಯೂತ) ಇರುವ ಮಗುವಿಗೆ ಪಥ್ಯ ಬದಲಿಸಿದರೂ ಎಂಡೋಸ್ಕೋಪಿ, ಔಷಧ ಬದಲಿಸಿದರೂ ಎಂಡೋಸ್ಕೋಪಿ. ಬದಲಾಯಿಸಿ 8ರಿಂದ 12 ವಾರಕ್ಕೆ ಮತ್ತೆ ಅರಿವಳಿಕೆ, ಮತ್ತೆ ಬಯಾಪ್ಸಿ (ಒಳಪದರದ ಚೂರು ತೆಗೆದು ಪರೀಕ್ಷೆ). ಆರು ಗುಂಪಿನ ಆಹಾರ ಬಿಡಿಸುವ ಪಥ್ಯ ಹಿಡಿದರೆ (ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ-ಗೋಡಂಬಿ ಜಾತಿ, ಮೀನು-ಸಿಗಡಿ) ಒಂದೊಂದನ್ನೇ ವಾಪಸ್ ಸೇರಿಸುವಾಗ ಒಂದೊಂದು ಸ್ಕೋಪ್. ಲೆಕ್ಕ ಹಾಕಿದರೆ ವರ್ಷ ಮೀರುತ್ತದೆ.

ಪ್ರಶ್ನೆ ಇಷ್ಟೇ. ಅರಿವಳಿಕೆ ಇಲ್ಲದೆ, ಗಂಟಲಿಗೆ ಟ್ಯೂಬ್ ಇಳಿಸದೆ, ಬರೀ ಚಿತ್ರ ತೆಗೆದು ಉರಿಯೂತ ಇಳಿದಿದೆಯೋ ಇಲ್ಲವೋ ಹೇಳಬಹುದಾ? ಬೇರಿಯಂ, ಸಿಟಿ, ಎಂಆರ್‌ಐ, ಮತ್ತೆ ಈಗ ಎಲ್ಲರೂ ಮಾತಾಡುವ ‘ಕುಡಿಸಿ ತೆಗೆಯುವ’ ನ್ಯೂಕ್ಲಿಯರ್ ಸ್ಕ್ಯಾನ್, ಇವುಗಳಲ್ಲಿ ಯಾವುದು ಎಷ್ಟಕ್ಕೆ ಉಪಯೋಗ? ದಯವಿಟ್ಟು ‘ಡಾಕ್ಟರನ್ನು ಕೇಳಿ’ ಅಂತ ಬರೆಯಬೇಡಿ. ಇಲ್ಲಿ ಓದುವವರಲ್ಲಿ ಬಹಳ ಜನ ಅದೇ ಕೆಲಸದವರು.

ಒಂದೇ_ಸಾಲು

ಆಗಲ್ಲ. ಬಯಾಪ್ಸಿನೇ ಗತಿ.

ನಲವತ್ತು_ಎಕ್ಸ್

ಇವತ್ತಿನ ಮಟ್ಟಿಗೆ ಸರಿ, ಆದರೆ ಯಾಕೆ ಅಂತ ಹೇಳಬೇಕಲ್ಲ. ರೋಗನಿರ್ಣಯದ ಗೆರೆ ಎಳೆದಿರುವುದೇ ಕೋಶಗಳ ಎಣಿಕೆಯ ಮೇಲೆ. ಒಂದು ಹೈ-ಪವರ್ ಫೀಲ್ಡ್‌ನಲ್ಲಿ (ಮೈಕ್ರೋಸ್ಕೋಪ್‌ನ ಹೆಚ್ಚು ಪಟ್ಟಿನ ಲೆನ್ಸ್‌ಗೆ ಒಮ್ಮೆಗೆ ಕಾಣುವಷ್ಟು ಜಾಗ) 15 ಅಥವಾ ಅದಕ್ಕಿಂತ ಹೆಚ್ಚು ಇಯೋಸಿನೋಫಿಲ್ ಇರಬೇಕು, ಜತೆಗೆ ಲಕ್ಷಣ ಇರಬೇಕು, ಬೇರೆ ಕಾರಣ ಇರಬಾರದು. ಆ ಕೋಶದ ಅಗಲ 12–15 ಮೈಕ್ರಾನ್. ಸಿಟಿಗೂ ಎಂಆರ್‌ಐಗೂ ಅದು ಕಾಣುವ ಮಾತೇ ಇಲ್ಲ. ಅವು ಹೇಳುವುದು ‘ಗೋಡೆ ದಪ್ಪಗಿದೆ’ ಅಂತ. ಗೋಡೆ ದಪ್ಪಗಾಗಲು ರಿಫ್ಲಕ್ಸ್ (ಹೊಟ್ಟೆಯ ಆಮ್ಲ ಮೇಲೆ ಬರುವುದು) ಸಾಕು, ಸೋಂಕು ಸಾಕು, ಚಿತ್ರ ತೆಗೆದ ಕ್ಷಣದಲ್ಲಿ ಅನ್ನನಾಳ ಮುದುಡಿಕೊಂಡಿದ್ದರೂ ಸಾಕು.

ಇನ್ನೊಂದು, ಈ ರೋಗ ಎಲ್ಲ ಕಡೆ ಒಂದೇ ಸಮ ಹರಡಿರುವುದಿಲ್ಲ. ಅದಕ್ಕೇ ಕನಿಷ್ಠ 6 ತುಣುಕು, ಕನಿಷ್ಠ ಎರಡು ಎತ್ತರದಿಂದ, ಅದೂ ಬಿಳಿ ಚುಕ್ಕೆ ಮತ್ತು ಉದ್ದ ಗೀರುಗಳಿರುವ ಜಾಗದಿಂದ ತೆಗೆಯಿರಿ ಅನ್ನುವುದು. ಕೆಳಗಡೆಯಿಂದ ಎರಡೇ ಚೂರು ಕಳಿಸಿ ‘ನೆಗೆಟಿವ್ ಬಂತು’ ಅಂದರೆ ಅದು ರೋಗದ ವಿಷಯ ಅಲ್ಲ, ತುಣುಕಿನ ವಿಷಯ.

ಕಪ್ಪುಬಿಳುಪು_ಫಿಲ್ಮ್

ಸಿಟಿ, ಎಂಆರ್‌ಐ ಬಗ್ಗೆ ತಕರಾರಿಲ್ಲ. ಬೇರಿಯಂ ಸ್ವಾಲೋವನ್ನು (ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇಯಲ್ಲಿ ನೋಡುವುದು) ಮಾತ್ರ ಅದೇ ಸಾಲಿಗೆ ಸೇರಿಸಬೇಡಿ. ಉರಿಯೂತ ಇದೆಯಾ ಅಂತ ಕೇಳಿದರೆ ಬೇರಿಯಂಗೆ ಉತ್ತರ ಗೊತ್ತಿಲ್ಲ, ಒಪ್ಪಿದೆ. ಆದರೆ ‘ನಾಳ ಕಿರಿದಾಗಿದೆಯಾ’ ಎಂಬ ಪ್ರಶ್ನೆಗೆ ಮಕ್ಕಳಲ್ಲಿ ಅದು ಎಂಡೋಸ್ಕೋಪಿಗಿಂತ ಚೆನ್ನಾಗಿ ಉತ್ತರ ಕೊಡುತ್ತದೆ. ಕಾರಣ ಸರಳ. ಚಿಕ್ಕ ಮಕ್ಕಳಿಗೆ ಬಳಸುವ ತೆಳು ಸ್ಕೋಪ್ 6 ಮಿ.ಮೀ. ಒಳಗಿನದು. ನಾಳ ಉದ್ದಕ್ಕೂ 10 ಮಿ.ಮೀ.ಗೆ ಇಳಿದಿದ್ದರೂ ಆ ಸ್ಕೋಪ್ ಎಲ್ಲೂ ತಡೆಯದೆ ಜಾರಿ ಹೋಗುತ್ತದೆ. ‘ಸ್ಟ್ರಿಕ್ಚರ್ (ಕಿರಿದಾದ ಜಾಗ) ಇಲ್ಲ’ ಅಂತ ರಿಪೋರ್ಟ್ ಬರುತ್ತದೆ, ಮಗು ಮಾತ್ರ ಪ್ರತಿ ತುತ್ತಿಗೂ ನೀರು ಕುಡಿಯುತ್ತಲೇ ಇರುತ್ತದೆ.

ತೆಳುನಾಳ

ಎಂಡೋಸ್ಕೋಪಿ ಮಾಡುವವಳಾಗಿ ಇದನ್ನು ಒಪ್ಪುತ್ತೇನೆ. ಒಂದೇ ಕಡೆ ಗಂಟು ಬಿದ್ದಂತೆ ಕಿರಿದಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಮೇಲಿಂದ ಕೆಳಗೆ ಸಮನಾಗಿ ಕಿರಿದಾಗಿದ್ದರೆ ಹೋಲಿಸಲು ಪಕ್ಕದಲ್ಲಿ ಸರಿಯಾದ ಜಾಗವೇ ಇರುವುದಿಲ್ಲ, ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಗಾಳಿ ತುಂಬಿ ಹಿಗ್ಗಿಸಿ ನೋಡಬೇಕು, ಅದನ್ನು ಬಹಳ ಜನ ಅವಸರದಲ್ಲಿ ಬಿಟ್ಟುಬಿಡುತ್ತಾರೆ.

ಪಥ್ಯದ_ಪಟ್ಟಿ

ಹಾಗಾದರೆ ಬೇರಿಯಂ ಕೇಳುವಾಗ ಚೀಟಿಯಲ್ಲಿ ಏನು ಬರೆಯಬೇಕು? ಬರೀ ‘ಬೇರಿಯಂ ಸ್ವಾಲೋ’ ಅಂತ ಬರೆದರೆ ರಿಫ್ಲಕ್ಸ್ ನೋಡಿ ಕಳಿಸಿಬಿಡುತ್ತಾರೆ.

ಕಪ್ಪುಬಿಳುಪು_ಫಿಲ್ಮ್

‘ಇಓಇ, ನಾಳದ ಒಳಅಗಲ ಅಳೆಯಬೇಕು, ಉದ್ದನೆಯ ಕಿರಿದಾಗುವಿಕೆ ಇದೆಯೇ ನೋಡಿ’ ಅಂತ ಬಿಡಿಸಿ ಬರೆಯಿರಿ. ಆ ಒಂದು ಸಾಲಿಗೆ ಇಡೀ ಪರೀಕ್ಷೆಯೇ ಬದಲಾಗುತ್ತದೆ.

ಮಾಡುವ ರೀತಿ ಹೀಗೆ. ಮಗುವನ್ನು ನಿಲ್ಲಿಸಿ ಒಂದೊಂದೇ ಗುಟುಕು ಕುಡಿಸಿ, ಎದುರಿನಿಂದ ಮತ್ತು ಪಕ್ಕದಿಂದ ನೋಡಬೇಕು. ಗುಟುಕಿನ ನಡುವೆ 20–30 ಸೆಕೆಂಡ್ ಬಿಡಿ, ಇಲ್ಲದಿದ್ದರೆ ಎರಡನೇ ಗುಟುಕು ಮೊದಲನೆಯದರ ಅಲೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ, ಚಲನೆ ಸರಿಯಿಲ್ಲ ಅಂತ ತಪ್ಪು ಓದು. ಆಮೇಲೆ ಹೊಟ್ಟೆ ಕೆಳಗಾಗಿ, ಬಲಭಾಗ ಸ್ವಲ್ಪ ಒತ್ತುವಂತೆ ಓರೆಯಾಗಿ ಮಲಗಿಸಿ, ಸ್ಟ್ರಾದಲ್ಲಿ ಬಿಡದೆ ಗಟಗಟ ಕುಡಿಸಬೇಕು. ಆಗಲೇ ನಾಳ ಪೂರ್ತಿ ತುಂಬಿ ಹಿಗ್ಗುವುದು. ಅಗಲ ಅಳೆಯುವುದು ಆ ಚಿತ್ರದಲ್ಲಿ ಮಾತ್ರ. ಅರೆತುಂಬಿದ ನಾಳ ಅಳೆದು ‘ಕಿರಿದು’ ಅಂದವರು ಬೇಕಾದಷ್ಟು ಜನ ಇದ್ದಾರೆ.

ಅಳತೆಗೆ ಪಕ್ಕದಲ್ಲಿ ಗೊತ್ತಿರುವ ಗಾತ್ರದ ಲೋಹದ ಗುರುತು ಇಡಿ. ಫ್ಲೋರೋಸ್ಕೋಪಿಯಲ್ಲಿ (ಚಲಿಸುವ ಎಕ್ಸ್‌ರೇ) ಚಿತ್ರ ದೊಡ್ಡದಾಗಿ ಬೀಳುತ್ತದೆ, ಪರದೆಯ ಮಿ.ಮೀ. ನಂಬಬಾರದು. ಉಂಗುರ ಕಂಡರೆ ಇನ್ನೊಂದು ಗುಟುಕು ಕುಡಿಸಿ ಕಾಯಿರಿ. ಮಾಯವಾದರೆ ಅದು ಕ್ಷಣಿಕ ಸುಕ್ಕು, ಪ್ರತಿ ಗುಟುಕಿಗೂ ಅಲ್ಲೇ ನಿಂತರೆ ಇಓಇಯ ಗಟ್ಟಿ ಉಂಗುರ.

ಶೇಕಡಾ_ನೂರು

ಸರ್, ವಿಕಿರಣ? ಅರಿವಳಿಕೆ ತಪ್ಪಿಸಲು ಹೋಗಿ ಎಕ್ಸ್‌ರೇ ಕೊಡುವುದು ಯಾವ ನ್ಯಾಯ?

ಕಪ್ಪುಬಿಳುಪು_ಫಿಲ್ಮ್

ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ಬರುವುದಿಲ್ಲ, ಆದರೆ ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ. ಕಿರಣವನ್ನು ಬಿಡದೆ ಹರಿಸುವ ಬದಲು ಪಲ್ಸ್ ಮೋಡ್‌ನಲ್ಲಿ, ಸೆಕೆಂಡಿಗೆ 7.5 ಅಥವಾ ಅದಕ್ಕೂ ಕಡಿಮೆ. ಪುಟ್ಟ ಮಕ್ಕಳಿಗೆ ಚೆದರಿದ ಕಿರಣ ತಡೆಯುವ ಗ್ರಿಡ್ ತೆಗೆದುಬಿಡಿ. ಕಿರಣದ ಕಿಟಕಿಯನ್ನು ನಾಳದ ಅಗಲಕ್ಕೆ ಮುಚ್ಚಿ. ಬೇರೆ ಎಕ್ಸ್‌ರೇ ತೆಗೆಯದೆ ಪರದೆಯ ಕೊನೆಯ ಚಿತ್ರವನ್ನೇ ಉಳಿಸಿಕೊಳ್ಳಿ. ಎಲ್ಲಕ್ಕಿಂತ ಮೊದಲು, ಮಗು ಕುಡಿಯಲು ಒಪ್ಪಿದೆಯಾ ನೋಡಿ ಆಮೇಲೆ ಪೆಡಲ್ ತುಳಿಯಿರಿ. ಅಳುವ ಮಗುವಿನ ಬಾಯಿ ನೋಡುತ್ತಾ ಕಿರಣ ಹರಿಸಿದರೆ ಎಲ್ಲ ಉಳಿತಾಯ ಅಲ್ಲೇ ಖರ್ಚು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಆಹಾರ ಸಿಕ್ಕಿಹಾಕಿಕೊಂಡು ಜೊಲ್ಲು ಸುರಿಸುತ್ತಿರುವ ಮಗುವಿಗೆ ಬೇರಿಯಂ ಬೇಡವೇ ಬೇಡ. ಶ್ವಾಸಕ್ಕೆ ಹೋಗುತ್ತದೆ, ಆಮೇಲೆ ಸ್ಕೋಪ್ ಇಳಿಸಿದವರಿಗೆ ಬಿಳಿ ಕೆಸರು ಬಿಟ್ಟು ಬೇರೇನೂ ಕಾಣುವುದಿಲ್ಲ.

ನಿದ್ದೆಕೋಣೆ

ಅರಿವಳಿಕೆಯನ್ನು ಭೂತ ಮಾಡಬೇಡಿ. ಅಮೆರಿಕದ ಎಫ್‌ಡಿಎ 2016ರ ಎಚ್ಚರಿಕೆ ಹೇಳುವುದು 3 ವರ್ಷದೊಳಗಿನ ಮಕ್ಕಳಿಗೆ, 3 ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ. ಎಂಡೋಸ್ಕೋಪಿಯ ಅರಿವಳಿಕೆ ಅಷ್ಟು ಹೊತ್ತಿನದಲ್ಲ. ಹಾಗಂತ ‘ಪದೇ ಪದೇ’ ಅನ್ನುವ ಮಾತು ಈ ಮಕ್ಕಳಿಗೆ ಅನ್ವಯಿಸುವುದಿಲ್ಲ ಅಂತಲೂ ಹೇಳಲಾರೆ.

ನನಗೆ ಹೆಚ್ಚು ಚಿಂತೆಯ ವಿಷಯ ಬೇರೆ. ನಾಳ ಕಿರಿದಾದ ಮಗು 6 ಗಂಟೆ ಉಪವಾಸ ಇದ್ದರೂ ಮೇಲ್ಗಡೆ ಆಹಾರ ಉಳಿದಿರಬಹುದು. ಹೊಟ್ಟೆ ಖಾಲಿ ಅಂದರೆ ಅನ್ನನಾಳ ಖಾಲಿ ಅಂತಲ್ಲ. ಹಿಂದಿನ ಬೇರಿಯಂ ಚಿತ್ರ ಇದ್ದರೆ ಅದನ್ನು ಅರಿವಳಿಕೆಯವರಿಗೂ ತೋರಿಸಿ.

ಪಥ್ಯದ_ಪಟ್ಟಿ

ನಡುವೆ ಒಂದು ಪ್ರಶ್ನೆ. ಅರಿವಳಿಕೆಯ ಔಷಧ ಪ್ರೊಪೊಫಾಲ್‌ನಲ್ಲಿ ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಇರುತ್ತದೆ. ಮೊಟ್ಟೆ, ಸೋಯಾ ಬಿಡಿಸಿದ ಮಗುವಿಗೆ ಕೊಡಬಹುದಾ? ಪೋಷಕರು ಪ್ರತಿ ಸಲ ಕೇಳುತ್ತಾರೆ.

ನಿದ್ದೆಕೋಣೆ

ಕೊಡಬಹುದು. ಇಓಇ ಇದೆ ಅನ್ನುವ ಒಂದೇ ಕಾರಣಕ್ಕೆ ಪ್ರೊಪೊಫಾಲ್ ಬಿಡಬೇಕಿಲ್ಲ. ಅದರಲ್ಲಿರುವುದು ಶುದ್ಧೀಕರಿಸಿದ ಎಣ್ಣೆ ಮತ್ತು ಹಳದಿ ಭಾಗದ ಲೆಸಿಥಿನ್, ಮೊಟ್ಟೆ ಅಲರ್ಜಿ ಹೆಚ್ಚಾಗಿ ಬಿಳಿ ಭಾಗದ ಪ್ರೋಟೀನ್‌ಗೆ. ಹಿಂದೆ ಪ್ರೊಪೊಫಾಲ್‌ಗೇ ಅಲರ್ಜಿಯಾಗಿದ್ದರೆ ಮಾತ್ರ ಮಾತು ಬೇರೆ.

ಒಂದೇ_ಸಾಲು

ನ್ಯೂಕ್ಲಿಯರ್ ಸ್ಕ್ಯಾನ್ ವಿಷಯ ಎಲ್ಲಿ ಹೋಯ್ತು?

ಐಸೋಟೋಪ್_ಬೆಂಚ್

ಬಂದೆ. ಈ ಯೋಚನೆ ಉಳಿದವುಗಳಿಗಿಂತ ಬೇರೆ ಜಾತಿಯದು, ಯಾಕೆಂದರೆ ಇದು ನಾಳದ ಆಕಾರವನ್ನಲ್ಲ, ಇಯೋಸಿನೋಫಿಲ್ ಸುರಿಸಿಹೋದ ಪ್ರೋಟೀನನ್ನು ಹುಡುಕುತ್ತದೆ.

ಇಯೋಸಿನೋಫಿಲ್‌ನ ಕಣಗಳಲ್ಲಿ ಮೇಜರ್ ಬೇಸಿಕ್ ಪ್ರೋಟೀನ್ ಅಂತ ಒಂದಿದೆ. ಅದಕ್ಕೆ ಬಲವಾದ ಧನ ವಿದ್ಯುದಂಶ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಅದಕ್ಕೆ ತದ್ವಿರುದ್ಧ, ಮೈತುಂಬ ಸಲ್ಫೇಟ್ ಗುಂಪುಗಳು, ಬಲವಾದ ಋಣ. ಎರಡೂ ಅಂಟಿಕೊಳ್ಳುತ್ತವೆ. ಹೆಪಾರಿನ್‌ಗೆ ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಕಟ್ಟಿ ಕುಡಿಸಿದರೆ, ಆ ಪ್ರೋಟೀನ್ ಬಿದ್ದಿರುವ ಜಾಗದಲ್ಲಿ ಅದು ಉಳಿಯಬೇಕು, ಗಾಮಾ ಕ್ಯಾಮೆರಾಗೆ ಕಾಣಬೇಕು. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಕಡೆಯ ಸಂಶೋಧಕರು ಇಓಇ ರೋಗಿಗಳ ಅಂಗಾಂಶಕ್ಕೆ ಈ ಗುರುತಿಟ್ಟ ಹೆಪಾರಿನ್ ಅಂಟುವುದನ್ನು ಪ್ರಕಟಿಸಿದರು. ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ, ಸಂಶೋಧನೆಯ ಮೆಟ್ಟಿಲಲ್ಲೇ ಇದೆ. ಪೋಷಕರಿಗೆ ಇದನ್ನು ಒತ್ತಿ ಹೇಳಿ.

ಶೇಕಡಾ_ನೂರು

ಮಗುವಿಗೆ ಹೆಪಾರಿನ್ ಕುಡಿಸುವುದಾ?! ರಕ್ತ ತೆಳುವಾಗಲ್ವಾ?

ಐಸೋಟೋಪ್_ಬೆಂಚ್

ಇಲ್ಲ. ದೊಡ್ಡ ಅಣು, ವಿದ್ಯುದಂಶ ಬೇರೆ, ಕರುಳಿನ ಗೋಡೆ ದಾಟುವುದಿಲ್ಲ. ಅದಕ್ಕೇ ಅಲ್ಲವೇ ಹೆಪಾರಿನ್‌ನ ಮಾತ್ರೆ ಇಲ್ಲದೆ ಚುಚ್ಚುಮದ್ದೇ ಇರುವುದು. ಆದರೆ ಹಿಂದೆ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಇಳಿದ ಇತಿಹಾಸ ಇದ್ದರೆ ಯಾರೂ ಈ ಸಾಹಸ ಮಾಡುವುದಿಲ್ಲ. ಸಾಮಾನ್ಯವಾಗಿ ಬಳಸುವ ಹೆಪಾರಿನ್ ಹಂದಿಯ ಕರುಳಿನಿಂದ ತೆಗೆದದ್ದು ಅನ್ನುವುದನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ಹೇಳಬೇಕು.

ವಿಕಿರಣದ ಲೆಕ್ಕಕ್ಕೆ ಬಂದರೆ, ಟೆಕ್ನೀಷಿಯಂ-99ಎಂ ಅರ್ಧಾಯು 6 ಗಂಟೆ, 140 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗಾಮಾ. ಹೀರಿಕೊಳ್ಳದ ವಸ್ತುವಾದ್ದರಿಂದ ಹೆಚ್ಚಿನ ಪಾಲು ಬೀಳುವುದು ದೊಡ್ಡ ಕರುಳಿಗೆ. ಮಗುವಿನ ತೂಕ ನೋಡಿ ಪ್ರಮಾಣ ಇಳಿಸಬೇಕು, ಬಹಳ ಇಳಿಸಿದರೆ ಚಿತ್ರಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮಗು ಮಿಸುಕುತ್ತದೆ.

ಬೆಳಕುತರಂಗ

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸ್ಪೆಕ್ಟ್ ಕ್ಯಾಮೆರಾದ (ಸುತ್ತ ತಿರುಗಿ ಮೂರು ಆಯಾಮದ ಚಿತ್ರ ಕೊಡುವ ಗಾಮಾ ಕ್ಯಾಮೆರಾ) ರೆಸಲ್ಯೂಷನ್ 8–10 ಮಿ.ಮೀ. ಆಸುಪಾಸು. ಅನ್ನನಾಳದ ಗೋಡೆ 2–3 ಮಿ.ಮೀ. ಹೊಟ್ಟೆಯಲ್ಲಿ ಕುಡಿದದ್ದೆಲ್ಲ ಕೂತು ಹೊಳೆಯುತ್ತಿರುವಾಗ ಅದರ ಪಕ್ಕದ ಕೆಳ ಅನ್ನನಾಳದ ಮಸುಕು ಗೆರೆ ಹೇಗೆ ಓದುತ್ತೀರಿ?

ಐಸೋಟೋಪ್_ಬೆಂಚ್

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಹೊಟ್ಟೆಯ ಹೊಳಪು ಚೆದರಿ ಕೆಳಗಿನ ಕೆಲವು ಸೆಂ.ಮೀ.ಗೆ ಬರುತ್ತದೆ. ಆ ಭಾಗದ ಓದಿನಲ್ಲಿ ನನಗೂ ಹೆಚ್ಚು ನಂಬಿಕೆಯಿಲ್ಲ. ಮೇಲಿನ ಮತ್ತು ನಡುವಿನ ಭಾಗ ಪರವಾಗಿಲ್ಲ. ಗೋಡೆಯನ್ನು ಒಂದೊಂದಾಗಿ ಬಿಡಿಸಿ ತೋರಿಸಬೇಕಿಲ್ಲ, ಈ ಎತ್ತರದಲ್ಲಿ ಎಷ್ಟು ಅಂಟಿದೆ ಅಂತ ತಿಳಿದರೆ ಸಾಕು. ಸ್ಥಳ ಗುರುತಿಸಲು ಸ್ಪೆಕ್ಟ್ ಜತೆ ಕಡಿಮೆ ಪ್ರಮಾಣದ ಸಿಟಿ ಸೇರಿಸಬಹುದು, ಅದರ ವಿಕಿರಣ ಬೇರೆ ಲೆಕ್ಕ.

ನಿಜವಾಗಿ ಕೆಡಿಸುವುದು ಬೇರೆ. ಒಂದು, ನಾಳದಲ್ಲಿ ಉಳಿದ ಗುಟುಕು. ತೊಳೆಯಲು ನೀರು ಕುಡಿಸಿ, ಮತ್ತೆ ಕುಡಿಸಿ, ಆಮೇಲೆ ಚಿತ್ರ. ಸ್ಟ್ರಿಕ್ಚರ್ ಮೇಲ್ಗಡೆ ನಿಂತ ದ್ರವ ಥೇಟ್ ಉರಿಯೂತದ ಹಾಗೇ ಕಾಣುತ್ತದೆ. ಎರಡು, ಬಿಡಿಯಾಗಿ ಉಳಿದ ಪರ್‌ಟೆಕ್ನಿಟೇಟ್. ವಯಲ್‌ಗೆ ಗಾಳಿ ಹೊಕ್ಕರೆ ಟೆಕ್ನೀಷಿಯಂ ಕಟ್ಟಿಸುವ ತವರದ ಲವಣ ಕೆಡುತ್ತದೆ, ಟೆಕ್ನೀಷಿಯಂ ಹೆಪಾರಿನ್‌ಗೆ ಕಟ್ಟಿಕೊಳ್ಳದೆ ಉಳಿದುಬಿಡುತ್ತದೆ. ಅದು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಜೊಲ್ಲುಗ್ರಂಥಿಗೆ, ಅಲ್ಲಿಂದ ಜೊಲ್ಲಾಗಿ ಮತ್ತೆ ಅನ್ನನಾಳಕ್ಕೆ! ಚಿತ್ರದಲ್ಲಿ ಥೈರಾಯ್ಡ್ ಕಂಡರೆ ಅನುಮಾನವೇ ಬೇಡ, ಲೇಬಲಿಂಗ್ ಕೆಟ್ಟಿದೆ, ಓದಬೇಡಿ.

ನಲವತ್ತು_ಎಕ್ಸ್

ಕುಡಿಸುವ ಮೊದಲು ಅದನ್ನು ಪರೀಕ್ಷೆ ಮಾಡುವುದಿಲ್ಲವೇ?

ಐಸೋಟೋಪ್_ಬೆಂಚ್

ಮಾಡಲೇಬೇಕು. ತೆಳುಪದರ ಕ್ರೊಮಟಾಗ್ರಫಿ, ಎರಡು ಪಟ್ಟಿ. ಅಸಿಟೋನ್‌ನಲ್ಲಿ ಬಿಡಿ ಪರ್‌ಟೆಕ್ನಿಟೇಟ್ ತುದಿಗೆ ಓಡುತ್ತದೆ, ಉಳಿದದ್ದು ಬುಡದಲ್ಲೇ ನಿಲ್ಲುತ್ತದೆ. ಅದೊಂದನ್ನೇ ನೋಡಿ ‘ಶುದ್ಧ’ ಅಂದರೆ ತಪ್ಪು, ಯಾಕೆಂದರೆ ಕಲಾಯ್ಡ್ ಆಗಿ ಗಡ್ಡೆಗಟ್ಟಿದ ಟೆಕ್ನೀಷಿಯಂ ಕೂಡ ಬುಡದಲ್ಲೇ ನಿಂತಿರುತ್ತದೆ. ಅದನ್ನು ಬೇರೆ ಮಾಡಲು ಸಲೈನ್‌ನ ಎರಡನೇ ಪಟ್ಟಿ.

ತೆಳುನಾಳ

ಇದನ್ನು ಓದುವಾಗ ಟೆಕ್ನೀಷಿಯಂ ಕಟ್ಟಿದ ಸುಕ್ರಾಲ್‌ಫೇಟ್ (ಹುಣ್ಣಿನ ಔಷಧ) ನೆನಪಾಗುತ್ತದೆ. 1980ರ ದಶಕದಲ್ಲಿ ಹುಣ್ಣು, ಅನ್ನನಾಳದ ಉರಿಯೂತ ಎಲ್ಲಕ್ಕೂ ಅದನ್ನು ಕುಡಿಸಿ ನೋಡಿದರು, ಉತ್ಸಾಹವೋ ಉತ್ಸಾಹ. ಆಮೇಲೆ ಬಳಕೆಯಲ್ಲಿ ನಿಲ್ಲಲೇ ಇಲ್ಲ. ಹಾಗಾಗಿ ನಾನಂತೂ ಕುಣಿದಾಡುವುದಿಲ್ಲ.

ಐಸೋಟೋಪ್_ಬೆಂಚ್

ಹೋಲಿಕೆ ಅರ್ಧ ಸರಿ ಮೇಡಂ. ಅದು ಹರಿದ ಮೇಲ್ಪದರಕ್ಕೆ ಅಂಟುತ್ತಿತ್ತು, ಹುಣ್ಣು ಯಾವುದರಿಂದ ಅನ್ನುವ ಭೇದ ಅದಕ್ಕಿರಲಿಲ್ಲ. ಇದು ಹುಡುಕುವುದು ಇಯೋಸಿನೋಫಿಲ್‌ನ ಪ್ರೋಟೀನನ್ನೇ. ಆದರೆ ಮಗು ಆ ಬೆಳಗ್ಗೆ ಸುಕ್ರಾಲ್‌ಫೇಟ್ ಕುಡಿದು ಬಂದಿದ್ದರೆ ಅದೂ ಸಲ್ಫೇಟ್ ತುಂಬಿದ ಋಣ ಅಣುವೇ. ಅಂಟುವ ಜಾಗಕ್ಕೆ ಪೈಪೋಟಿ ಬೀಳುವುದು ರಸಾಯನಶಾಸ್ತ್ರದ ಸಾಮಾನ್ಯ ತರ್ಕ. ನಿಲ್ಲಿಸಿ ಬನ್ನಿ ಅನ್ನುತ್ತೇನೆ.

ನಲವತ್ತು_ಎಕ್ಸ್

ನನ್ನ ತಕರಾರು ಇನ್ನೂ ಮೂಲದ್ದು. ಒಡೆದುಹೋದ ಇಯೋಸಿನೋಫಿಲ್ ಎಣಿಕೆಗೆ ಸಿಗುವುದಿಲ್ಲ, ಅದರ ಪ್ರೋಟೀನ್ ಮಾತ್ರ ಅಂಗಾಂಶದಲ್ಲಿ ಹರಡಿ ಉಳಿದಿರುತ್ತದೆ. ಹಾಗಾಗಿ ಸ್ಲೈಡ್‌ನಲ್ಲಿ ಎಣಿಕೆ ಕಡಿಮೆ, ಸ್ಕ್ಯಾನ್‌ನಲ್ಲಿ ಹೊಳಪು ಜಾಸ್ತಿ ಎಂಬ ಮಗು ಬಂದೇ ಬರುತ್ತದೆ. ಆಗ ಸ್ಕ್ಯಾನ್ ತಪ್ಪೋ, ನನ್ನ ಎಣಿಕೆ ತಪ್ಪೋ? ಎಣಿಕೆಯನ್ನೇ ಅಳತೆಗೋಲಾಗಿಟ್ಟು ಸ್ಕ್ಯಾನ್‌ಗೆ ಅಂಕ ಕೊಟ್ಟರೆ ಯಾವಾಗಲೂ ಸ್ಕ್ಯಾನೇ ಫೇಲ್.

ಎಣಿಕೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ. 40 ಪಟ್ಟಿನ ಲೆನ್ಸ್‌ಗೆ ಐಪೀಸ್‌ನ ಫೀಲ್ಡ್ ನಂಬರ್ 20 ಆದರೆ ಕಾಣುವ ವಿಸ್ತೀರ್ಣ 0.196 ಚದರ ಮಿ.ಮೀ., 22 ಆದರೆ 0.238, 26.5 ಆದರೆ 0.345. ಅದೇ 15ರ ಎಣಿಕೆ ಒಬ್ಬರಲ್ಲಿ ಚದರ ಮಿ.ಮೀ.ಗೆ 76, ಇನ್ನೊಬ್ಬರಲ್ಲಿ 63, ಮತ್ತೊಬ್ಬರಲ್ಲಿ 43. ರಿಪೋರ್ಟ್‌ನಲ್ಲಿ ಚದರ ಮಿ.ಮೀ. ಲೆಕ್ಕ ಕೇಳಿ ಪಡೆಯಿರಿ, ಗೆರೆ ಸುಮಾರು 60. ಮಗುವಿನ ಹಿಂದಿನ ಮತ್ತು ಈಗಿನ ಸ್ಲೈಡ್ ಬೇರೆ ಬೇರೆ ಮೈಕ್ರೋಸ್ಕೋಪ್‌ನಲ್ಲಿ ಎಣಿಸಿ ‘ಸುಧಾರಿಸಿದೆ’ ಅಂದರೆ ಸುಧಾರಿಸಿದ್ದು ಐಪೀಸ್.

ಶೇಕಡಾ_ನೂರು

ಇದು ನನಗೆ ಹೊಸದು. ಅಂದಮೇಲೆ ಇಯೋಸಿನೋಫಿಲ್ ಎಣಿಕೆಯೇ ಎಲ್ಲ ಅನ್ನುವುದೂ ಸರಿಯಲ್ಲ ತಾನೆ? ಇಯೋಸಿನೋಫಿಲ್ ಇಳಿಸುವ ಔಷಧ ಬೆನ್‌ರಾಲಿಜುಮಾಬ್‌ನ ಪರೀಕ್ಷೆಯಲ್ಲಿ (2024ರಲ್ಲಿ ಪ್ರಕಟವಾದದ್ದು, 12 ವರ್ಷ ಮೇಲ್ಪಟ್ಟವರಲ್ಲಿ) ಅಂಗಾಂಶದ ಇಯೋಸಿನೋಫಿಲ್ ಬಹುತೇಕ ಮಾಯವಾಯಿತು, ನುಂಗುವ ತೊಂದರೆ ಮಾತ್ರ ಪ್ಲಾಸಿಬೊಗಿಂತ ಕಡಿಮೆಯಾಗಲಿಲ್ಲ.

ತೆಳುನಾಳ

ಹೌದು, ಅದು ಎಲ್ಲರ ಬಾಯಿ ಮುಚ್ಚಿಸಿದ ಫಲಿತಾಂಶ. ಅದಕ್ಕೇ ಅಗಲ, ಹಿಗ್ಗುವ ಗುಣ, ಕೋಶ, ಲಕ್ಷಣ ನಾಲ್ಕನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಬೇಕು.

ಪಥ್ಯದವರ ಪ್ರಶ್ನೆಗೆ ನನ್ನ ಪ್ರಾಯೋಗಿಕ ಉತ್ತರ: ಈಗ ಅರಿವಳಿಕೆ ತಪ್ಪಿಸಲು ಕೈಗೆ ಸಿಗುವುದು ಸ್ಕ್ಯಾನ್ ಅಲ್ಲ, ಮೂಗಿನ ಮೂಲಕದ ಎಂಡೋಸ್ಕೋಪಿ. 3–4 ಮಿ.ಮೀ. ಸ್ಕೋಪ್, ಮೂಗಿಗೆ ಮರಗಟ್ಟಿಸುವ ಲಿಡೊಕೇನ್, ಮಗು ಎಚ್ಚರವಾಗಿ ಕುಳಿತು ಕಣ್ಣಿಗೆ ವಿಆರ್ ಕನ್ನಡಕ ಹಾಕಿಕೊಂಡು ಕಾರ್ಟೂನ್ ನೋಡುತ್ತಿರುತ್ತದೆ. ಕೊಲೊರಾಡೊದ ಮಕ್ಕಳ ಆಸ್ಪತ್ರೆಯವರು 2016ರಿಂದ ಇದರ ಬಗ್ಗೆ ಬರೆಯುತ್ತಿದ್ದಾರೆ. 5–6 ವರ್ಷದ ಮೇಲೆ, ಸಮಾಧಾನದ ಮಗುವಾದರೆ, ಆಗುತ್ತದೆ. ಬಯಾಪ್ಸಿಯೂ ಸಿಗುತ್ತದೆ. ಸ್ಕೋಪ್‌ನ ಚಾನೆಲ್ 1.2 ಮಿ.ಮೀ. ಆದರೆ ಚೂರು ತೀರಾ ಪುಟ್ಟದು, 2 ಮಿ.ಮೀ. ಇದ್ದರೆ ಮಾಮೂಲಿ ಫೋರ್ಸೆಪ್ಸ್ ಹೋಗುತ್ತದೆ. ಚಾನೆಲ್ ಗಾತ್ರ ಕೇಳದೆ ಸ್ಕೋಪ್ ಕೊಳ್ಳಬೇಡಿ.

ಕೆಡುವುದು ಎಲ್ಲಿ ಅಂದರೆ, ಲಿಡೊಕೇನ್ ಹಾಕಿದ ತಕ್ಷಣ ಶುರು ಮಾಡುವುದು. ಮರಗಟ್ಟಲು ಬಿಡಿ. ತೂಕಕ್ಕೆ ಮೀರಿದ ಲಿಡೊಕೇನ್ ಆಗದಂತೆ ಮೊದಲೇ ಲೆಕ್ಕ ಹಾಕಿ ಬರೆದಿಡಿ, ಗಂಟಲಿನ ಸ್ಪ್ರೇಯನ್ನೂ ಸೇರಿಸಿ. ಮುಗಿದ ಮೇಲೆ ಗಂಟಲಿನ ಮರಗಟ್ಟು ಬಿಡುವವರೆಗೆ ತಿನ್ನಲು ಕೊಡಬೇಡಿ.

ಒಂದೇ_ಸಾಲು

ಮೂಗಿನೊಳಗೆ ತೂರಿಸುವುದು ಯಾವ ಲೆಕ್ಕದಲ್ಲಿ ನಾನ್-ಇನ್ವೇಸಿವ್?

ತೆಳುನಾಳ

ಅಲ್ಲ, ನಾನು ಹಾಗನ್ನಲೇ ಇಲ್ಲ. ಅರಿವಳಿಕೆ ಇಲ್ಲ ಅಂದೆ ಅಷ್ಟೇ.

ಬೆಳಕುತರಂಗ

ದಾರ ಕಟ್ಟಿದ ಕ್ಯಾಪ್ಸೂಲ್ ಕ್ಯಾಮೆರಾದ ವಿಷಯ ಯಾರೂ ಎತ್ತಲಿಲ್ಲ. ಬೆಳಕಿನಿಂದ ಪದರ ನೋಡುವ ಓಸಿಟಿ ಕ್ಯಾಪ್ಸೂಲ್ ನುಂಗಿಸಿ, ದಾರ ಎಳೆಯುತ್ತಾ ಇಡೀ ನಾಳದ ಅಡ್ಡಕೊಯ್ತ ಪಡೆಯುವುದು. ಬಾಸ್ಟನ್‌ನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯವರು 2013ರಲ್ಲಿ ತೋರಿಸಿದರು, ದೊಡ್ಡವರಲ್ಲಿ. ಓಸಿಟಿಯ ರೆಸಲ್ಯೂಷನ್ 10 ಮೈಕ್ರಾನ್ ಸುಮಾರು, ಅಂದರೆ ಪದರದ ದಪ್ಪ ಗೊತ್ತಾಗುತ್ತದೆ, ಇಯೋಸಿನೋಫಿಲ್ ಎಣಿಸಲು ಸಾಲದು. ಅದೇ ಗುಂಪು ಎಣಿಕೆಗೆ ಕಾನ್‌ಫೋಕಲ್ ಕ್ಯಾಪ್ಸೂಲ್ ಮೇಲೂ ಕೆಲಸ ಮಾಡಿದೆ, ಅದು ಕೋಶ ತೋರಿಸುತ್ತದೆ, ಆದರೆ ಮೇಲ್ಪದರದ ಆಳಕ್ಕಷ್ಟೇ.

ಕಪ್ಪುಬಿಳುಪು_ಫಿಲ್ಮ್

ಆ ಓಸಿಟಿ ಕ್ಯಾಪ್ಸೂಲ್ ಸುಮಾರು 13 ಮಿ.ಮೀ. ಅಗಲ, 25 ಮಿ.ಮೀ. ಉದ್ದ ಅಲ್ಲವೇ? 10 ಮಿ.ಮೀ. ನಾಳದ ಮಗುವಿಗೆ ಅದನ್ನು ನುಂಗಿಸಿದರೆ ರೋಗನಿರ್ಣಯ ಸ್ಥಳದಲ್ಲೇ ಆಗಿಬಿಡುತ್ತದೆ!

ಬೆಳಕುತರಂಗ

ಹ್ಹಹ್ಹ. ಅದಕ್ಕೇ ‘ದೊಡ್ಡವರಲ್ಲಿ’ ಅಂತ ಬರೆದದ್ದು.

ನಲವತ್ತು_ಎಕ್ಸ್

ದಾರದ ಮಾತು ಬಂದಿದ್ದಕ್ಕೆ, ಈಸೋಫೇಜಿಯಲ್ ಸ್ಟ್ರಿಂಗ್ ಟೆಸ್ಟ್ ಮರೆಯಬೇಡಿ. ಚಿತ್ರ ಅಲ್ಲ, ಆದರೆ ಮಕ್ಕಳಿಗೆ ಇದೇ ಹತ್ತಿರ. ಕ್ಯಾಪ್ಸೂಲ್‌ನಲ್ಲಿ ಸುತ್ತಿದ ದಾರ, ತುದಿ ಕೆನ್ನೆಗೆ ಟೇಪ್, ಒಂದು ಗಂಟೆ ಬಿಟ್ಟು ಎಳೆದು ಅದರಲ್ಲಿ ನೆಂದ ಅದೇ ಮೇಜರ್ ಬೇಸಿಕ್ ಪ್ರೋಟೀನ್ ಮತ್ತು ಇಯೋಟಾಕ್ಸಿನ್-3 (ಇಯೋಸಿನೋಫಿಲ್‌ಗಳನ್ನು ಕರೆಸಿಕೊಳ್ಳುವ ಪ್ರೋಟೀನ್) ಅಳೆಯುವುದು. ಕ್ಯಾಪ್ಸೂಲ್ ನುಂಗಲು ಬರುವ ವಯಸ್ಸಾಗಿರಬೇಕು ಅಷ್ಟೆ. ಎಳೆಯುವಾಗ ಓಕರಿಕೆ ಬರುತ್ತದೆ, ಮಗುವಿಗೆ ಮುಂಚೆಯೇ ಹೇಳಿ. ಕಿರಿದಾದ ನಾಳದ ಸುಳಿವು ಮಾತ್ರ ಇದರಿಂದ ಸಿಗುವುದಿಲ್ಲ.

ಪಥ್ಯದ_ಪಟ್ಟಿ

ಹಾಗಾದರೆ ಪಥ್ಯ ವಾಪಸ್ ಸೇರಿಸುವ ಹಂತಗಳ ನಡುವೆ ದಾರ ಅಥವಾ ಮೂಗಿನ ಸ್ಕೋಪ್, ನುಂಗಲು ತೊಂದರೆ ಮುಂದುವರಿದರೆ ಬೇರಿಯಂ, ಹೆಪಾರಿನ್ ಸ್ಕ್ಯಾನ್ ಸಂಶೋಧನೆಯಲ್ಲಿ ಸೇರಿದವರಿಗೆ ಮಾತ್ರ. ಒಂದು ಕೊನೆಯ ಸಣ್ಣ ವಿಷಯ: ಬೇರಿಯಂ ರುಚಿಗೆ ಚಾಕೊಲೇಟ್ ಹಾಲು ಬೆರೆಸಿ ಕೊಡುತ್ತಾರೆ. ಹಾಲು ಬಿಟ್ಟ ಮಗುವಿಗೆ?

ಕಪ್ಪುಬಿಳುಪು_ಫಿಲ್ಮ್

ಬೇಡ, ನೀರಿಗೇ ಬೆರೆಸಿ. ರುಚಿಯ ಸಿರಪ್ ಬೇಕಿದ್ದರೆ ಬಾಟಲಿಯ ಚೀಟಿ ನೀವೇ ಓದಿ ಹೇಳಿ. ಘನ ಪದಾರ್ಥ ನುಂಗಿಸಿ ನೋಡಲು ಬ್ರೆಡ್ ಚೂರಿಗೆ ಬೇರಿಯಂ ಸವರುವವರಿದ್ದಾರೆ, ಗೋಧಿ ಬಿಟ್ಟಿದ್ದರೆ ಅದೂ ಬೇಡ.

ಐಸೋಟೋಪ್_ಬೆಂಚ್

ನಮ್ಮ ಕಡೆಯ ಹೊಟ್ಟೆ ಖಾಲಿಯಾಗುವ ಪರೀಕ್ಷೆಯ ಊಟ ಮೊಟ್ಟೆಯ ಬಿಳಿಯದು. ಇಓಇ ಮಗುವನ್ನು ಅದಕ್ಕೆ ಕಳಿಸುವಾಗ ಪಥ್ಯದ ಚೀಟಿ ಲಗತ್ತಿಸಿ, ಬೇರೆ ಊಟ ಬಳಸಿದರೆ ಸಾಮಾನ್ಯ ಮಿತಿಯ ಅಂಕಿ ಹೊಂದುವುದಿಲ್ಲ ಅನ್ನುವುದೂ ನೆನಪಿರಲಿ.

ಶೇಕಡಾ_ನೂರು

ಬ್ರೆಡ್ ಇಲ್ಲದಿದ್ದರೆ ಬೇರಿಯಂ ಮಾತ್ರೆ ಕೊಡಬಹುದಲ್ಲ, ಸಿಕ್ಕಿಕೊಂಡರೆ ಏನು ಮಾಡುವುದು?

ಕಪ್ಪುಬಿಳುಪು_ಫಿಲ್ಮ್

12.5 ಮಿ.ಮೀ. ಮಾತ್ರೆ, ಮಾತ್ರೆ ನುಂಗುವ ಅಭ್ಯಾಸ ಇರುವ ದೊಡ್ಡ ಮಕ್ಕಳಿಗೆ ಮಾತ್ರ. ಸಿಕ್ಕಿಕೊಂಡರೆ ಅದೇ ಅಳತೆ, ನಿಂತ ಜಾಗದ ಎತ್ತರ ಬರೆದುಕೊಳ್ಳಿ. ಮಗುವನ್ನು ನೇರ ಕೂರಿಸಿ ಸ್ವಲ್ಪ ಸ್ವಲ್ಪ ನೀರು ಕೊಡಿ, ಕರಗುತ್ತದೆ. ಕರಗುವವರೆಗೆ ಕಿರಣ ಹರಿಸುತ್ತಾ ಕೂರಬೇಡಿ, ನಡುವೆ ಒಂದೆರಡು ಸಲ ಇಣುಕಿದರೆ ಸಾಕು.